ಸಿಟಿ ಸ್ಕ್ಯಾನಿನಲ್ಲಿ ಬ್ರಾಂಕಿಯೆಕ್ಟಾಸಿಸ್ ಅಂತ ಬಂದಿದೆ. ಯಾಕೆ ಬಂತು ಅಂತ ಹುಡುಕುವುದು ಹೇಗೆ?

ಸಿಟಿ ರಿಪೋರ್ಟಿನ ಕೊನೇ ಸಾಲಲ್ಲಿ ‘ಬ್ರಾಂಕಿಯೆಕ್ಟಾಸಿಸ್’ ಅಂತ ಬರೆದು ಕೊಟ್ಟರೆ ಕೆಲಸ ಅರ್ಧ ಮುಗಿದಿದೆ ಅಷ್ಟೇ. ಶ್ವಾಸನಾಳದ ಕವಲುಗಳು ಶಾಶ್ವತವಾಗಿ ಹಿಗ್ಗಿವೆ, ಕಫ ಹೊರಗೆ ಬರದೆ ಅಲ್ಲೇ ನಿಲ್ಲುತ್ತಿದೆ ಅಂತ ಅದರರ್ಥ. ಯಾಕೆ ಹಿಗ್ಗಿದವು ಅಂತ ಆ ಪದ ಹೇಳುವುದಿಲ್ಲ.

ನಮ್ಮ ಕಡೆ ‘ಹಳೇ ಟಿಬಿ ಇರಬೇಕು ಬಿಡಿ’ ಅಂತ ಒಂದೇ ಮಾತಲ್ಲಿ ಮುಗಿಸುವ ರೂಢಿ ಇದೆ. ಎಷ್ಟೋ ಸಲ ಅದು ನಿಜವೂ ಹೌದು. ಭಾರತದ 2,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಟಿಬಿಯೇ ಕಾರಣ ಅಂತ ಕಂಡಿತ್ತು. ಹಾಗಾದರೆ ಉಳಿದ ಇಬ್ಬರಿಗೆ? ಅವರಲ್ಲಿ ಕೆಲವರ ಕಾರಣ ಔಷಧಿಗೆ ಚೆನ್ನಾಗಿ ಬಗ್ಗುವಂಥದ್ದು. ಅದನ್ನು ಹುಡುಕದೆ ಬಿಟ್ಟರೆ ನಷ್ಟ ಅವರದ್ದೇ.

ಹಿಗ್ಗಿರುವುದು ಶ್ವಾಸಕೋಶದ ಯಾವ ಭಾಗದಲ್ಲಿ, ಅದರ ಅಕ್ಕಪಕ್ಕ ಇನ್ನೇನು ಕಾಣುತ್ತಿದೆ, ಇವೆರಡೇ ಸಿಟಿ ಕೊಡುವ ದೊಡ್ಡ ಸುಳಿವು. ಸುಳಿವು ಮಾತ್ರ. ಕಾರಣ ಖಚಿತವಾಗುವುದು ಕಫ ಮತ್ತು ರಕ್ತದ ಪರೀಕ್ಷೆಯಲ್ಲಿ.

ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭ

ಕೆಮ್ಮಿದಾಗ ಅರ್ಧ ಲೋಟದಷ್ಟು ರಕ್ತ ಬಂದರೆ, ಅಥವಾ ಸ್ವಲ್ಪ ಸ್ವಲ್ಪವೇ ಆದರೂ ಬರುತ್ತಲೇ ಇದ್ದರೆ, 108ಕ್ಕೆ ಫೋನ್ ಮಾಡಿ. ಮಾತು ಮುಗಿಸಲಾಗದಷ್ಟು ಉಬ್ಬಸ, ತುಟಿ ನೀಲಿಗಟ್ಟುವುದು, ಜ್ವರದ ಜೊತೆ ಮಂಪರು, ಇವಕ್ಕೂ ಅಷ್ಟೇ. ರಕ್ತ ಯಾವ ಕಡೆಯಿಂದ ಬರುತ್ತಿದೆ ಎಂದು ಹಿಂದಿನ ಸಿಟಿಯಿಂದ ಗೊತ್ತಿದ್ದರೆ ಆ ಮಗ್ಗುಲು ಕೆಳಗೆ ಮಾಡಿ ಮಲಗಿಸಿ. ಚೆನ್ನಾಗಿರುವ ಕಡೆಗೆ ರಕ್ತ ಹರಿಯುವುದು ತಪ್ಪುತ್ತದೆ. ಆ ಹೊತ್ತಲ್ಲಿ ಕಫ ತೆಗೆಯುವ ವ್ಯಾಯಾಮ, ಬೆನ್ನು ತಟ್ಟುವುದು ಬೇಡ.

ಬೆಳಗ್ಗೆ ಎದ್ದ ತಕ್ಷಣ ಬಾಯ್ತುಂಬ ಕಫ, ತಿಂಗಳುಗಟ್ಟಲೆ

ಸಿಟಿಗೆ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಒಂದು ದಿನದ ಕಫವನ್ನು ಪಾರದರ್ಶಕ ಡಬ್ಬಿಯಲ್ಲಿ ಹಿಡಿದು, ಮುಚ್ಚಳ ಹಾಕಿ ಇಟ್ಟು ನೋಡಿ. ಬ್ರಾಂಕಿಯೆಕ್ಟಾಸಿಸ್ ಜೋರಾಗಿದ್ದರೆ ಒಂದೆರಡು ಗಂಟೆಯಲ್ಲಿ ಅದು ಪದರ ಪದರವಾಗುತ್ತದೆ: ಮೇಲೆ ನೊರೆ, ನಡುವೆ ನೀರು ನೀರಾದ ಲೋಳೆ, ತಳದಲ್ಲಿ ಹಳದಿ ಹಸಿರು ಕೀವಿನ ಗಷ್ಟು. ನೋಡಲು ಅಸಹ್ಯ ಅನ್ನಿಸಬಹುದು. ಆದರೆ ‘ತುಂಬಾ ಕಫ ಬರುತ್ತೆ ಡಾಕ್ಟ್ರೇ’ ಅನ್ನುವುದಕ್ಕಿಂತ ಆ ಡಬ್ಬಿಯ ಒಂದು ಫೋಟೋ ಜಾಸ್ತಿ ಹೇಳುತ್ತದೆ. ಎಷ್ಟು, ಯಾವ ಬಣ್ಣ, ವಾಸನೆ ಇದೆಯಾ, ಗಟ್ಟಿ ತುಂಡು ಬರುತ್ತದೆಯಾ ಅಂತಲೂ ಬರೆದಿಟ್ಟುಕೊಳ್ಳಿ.

ಆಮೇಲೆ ಕಫದ ಟಿಬಿ ಪರೀಕ್ಷೆ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಇದು ಬೇಕೇ ಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಗೊತ್ತೇ ಇದೆ. ಮಂಡ್ಯದವರು ಮಿಮ್ಸ್‌ನಲ್ಲಿ ಕೇಳಬಹುದು. ಹಳ್ಳಿಯವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿದರೂ ಆಯಿತು. ಜೊತೆಗೆ ಒಂದು ಎದೆ ಎಕ್ಸ್‌ರೇ, ಊದಿಸಿ ನೋಡುವ ಸ್ಪೈರೊಮೆಟ್ರಿ.

ಒಂದು ಎಚ್ಚರಿಕೆ. ಕಫ ಕೊಡುವ ಮೊದಲೇ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಲಿವೊಫ್ಲಾಕ್ಸಾಸಿನ್ ಥರದ ಮಾತ್ರೆ ಟಿಬಿ ರೋಗಾಣುವನ್ನು ಸ್ವಲ್ಪ ಮಟ್ಟಿಗೆ ಅದುಮುತ್ತದೆ. ಕೆಮ್ಮು ಕಡಿಮೆ ಆದಂತೆ ಕಾಣುತ್ತದೆ, ರೋಗ ಪತ್ತೆಯಾಗುವುದು ಮಾತ್ರ ತಡವಾಗುತ್ತದೆ.

ಎಕ್ಸ್‌ರೇ ‘ನಾರ್ಮಲ್’, ಕೆಮ್ಮು ಮಾತ್ರ ನಿಂತಿಲ್ಲ

ಶುರುವಿನ ಬ್ರಾಂಕಿಯೆಕ್ಟಾಸಿಸ್ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆಗ ಎಚ್‌ಆರ್‌ಸಿಟಿ. ಹೆಸರು ದೊಡ್ಡದು, ಕೆಲಸ ಸರಳ: ಶ್ವಾಸಕೋಶವನ್ನು ಸುಮಾರು 1 ಮಿಲಿಮೀಟರಿನ ತೆಳು ಹೋಳುಗಳಾಗಿ ತೋರಿಸುವ ಸಿಟಿ. ಹೋಳು ದಪ್ಪ ಇದ್ದರೆ ಸಣ್ಣ ಕವಲುಗಳು ತಪ್ಪಿಹೋಗುತ್ತವೆ. ಹಿಂದೆ ಶ್ವಾಸನಾಳಕ್ಕೇ ಅಯೋಡಿನ್ ಬೆರೆಸಿದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಿದ್ದರು. ಅದನ್ನು ಕಂಡವರಿಗೆ ಈ ಕಾಲದ ರೋಗಿಗಳು ಎಷ್ಟು ಪುಣ್ಯವಂತರು ಅನ್ನಿಸುತ್ತದೆ.

ಬ್ರಾಂಕಿಯೆಕ್ಟಾಸಿಸ್ ನೋಡಲು ಸಾಮಾನ್ಯವಾಗಿ ಇಂಜೆಕ್ಷನ್ ಇಲ್ಲದ ಪ್ಲೇನ್ ಸಿಟಿ ಸಾಕು. ರಕ್ತ ಬರುತ್ತಿದ್ದರೆ, ಗಡ್ಡೆಯ ಅನುಮಾನ ಇದ್ದರೆ ಕಾಂಟ್ರಾಸ್ಟ್, ಅಂದರೆ ರಕ್ತನಾಳ ಎದ್ದು ಕಾಣಲು ಕೊಡುವ ಇಂಜೆಕ್ಷನ್, ಬೇಕಾಗುತ್ತದೆ. ಆಗ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಗೆ ತಗೊಳ್ಳುವ ಮೆಟ್ಫಾರ್ಮಿನ್, ಹಿಂದೆ ಆಗಿದ್ದ ಅಲರ್ಜಿ ಎಲ್ಲವನ್ನೂ ಮೊದಲೇ ಹೇಳಿ. ಗರ್ಭಿಣಿ ಇರಬಹುದು ಎಂಬ ಸಣ್ಣ ಅನುಮಾನವಿದ್ದರೂ ಟೇಬಲ್ ಮೇಲೆ ಮಲಗುವ ಮುಂಚೆಯೇ ಹೇಳಬೇಕು.

ವಿಕಿರಣದ ಲೆಕ್ಕವೂ ತಿಳಿದಿರಲಿ. ಸಾಧಾರಣ ಎದೆ ಸಿಟಿಗೆ ಸುಮಾರು 5ರಿಂದ 7 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮ್ಮ ಮೈಗೆ ವರ್ಷಕ್ಕೆ ಸರಾಸರಿ 2.4 ಬೀಳುತ್ತಲೇ ಇರುತ್ತದೆ. ಒಂದು ಸಿಟಿಗೆ ಹೆದರಬೇಕಿಲ್ಲ. ಡಾಕ್ಟರ್ ಬದಲಾದಾಗಲೆಲ್ಲ ಸುಮ್ನೆ ಇನ್ನೊಂದು ಮಾಡಿಸುವುದು ಮಾತ್ರ ತಪ್ಪು. ಮಕ್ಕಳ ವಿಷಯದಲ್ಲಂತೂ ಕಡಿಮೆ ಡೋಸ್ ಸ್ಕ್ಯಾನ್ ಕೇಳಿ ಮಾಡಿಸಬೇಕು.

ಯಾವಾಗ ಮಾಡಿಸಬೇಕು? ಜ್ವರ, ನ್ಯುಮೋನಿಯಾ ಜೋರಾಗಿದ್ದಾಗ ಅಲ್ಲ. ನ್ಯುಮೋನಿಯಾದಲ್ಲಿ ಶ್ವಾಸನಾಳ ತಾತ್ಕಾಲಿಕವಾಗಿ ಹಿಗ್ಗಿ, ಮುಂದೆ ತಾನಾಗಿಯೇ ಸರಿಹೋಗುವುದುಂಟು. ತುರ್ತು ಇಲ್ಲದಿದ್ದರೆ ಸೋಂಕು ಇಳಿದು ಕೆಲವು ವಾರ ಕಳೆದ ಮೇಲೆ ಮಾಡಿಸಿದ ಸಿಟಿಗೆ ಬೆಲೆ ಜಾಸ್ತಿ. ಸ್ಕ್ಯಾನ್ ಹೊತ್ತಲ್ಲಿ ‘ಉಸಿರು ಎಳೆದು ಹಿಡಿದುಕೊಳ್ಳಿ’ ಅಂದಾಗ ನಿಜವಾಗಿಯೂ ಹಿಡಿಯಬೇಕು. ಹೊರಡುವ ಮುಂಚೆ ಚೆನ್ನಾಗಿ ಕೆಮ್ಮಿ ಕಫ ತೆಗೆದು ಬಂದರೆ ಉಸಿರು ಹಿಡಿಯುವುದು ಸಲೀಸು.

ರಿಪೋರ್ಟ್ ಬಂತು. ಅದು ನಿಜವಾಗಿಯೂ ಬ್ರಾಂಕಿಯೆಕ್ಟಾಸಿಸ್ಸೇನಾ?

ಸಿಟಿಯ ಒಂದು ಹೋಳನ್ನು ಹತ್ತಿರದಿಂದ ನೋಡಿ. ಕಪ್ಪು ಶ್ವಾಸಕೋಶದೊಳಗೆ ಜೋಡಿ ಜೋಡಿ ಕಾಣುತ್ತವೆ: ಒಂದು ಪುಟ್ಟ ಬಿಳಿ ಚುಕ್ಕೆ, ಪಕ್ಕದಲ್ಲೇ ಅಷ್ಟೇ ಗಾತ್ರದ ಅಥವಾ ಸ್ವಲ್ಪ ಚಿಕ್ಕದಾದ ಪೊಳ್ಳು ಬಳೆ. ಚುಕ್ಕೆ ರಕ್ತನಾಳ, ಬಳೆ ಶ್ವಾಸನಾಳ. ಬಳೆಯ ಒಳಗಿನ ಅಗಲ ಚುಕ್ಕೆಗಿಂತ ದೊಡ್ಡದಾದರೆ ಹರಳು ಕೂರಿಸಿದ ಉಂಗುರದ ಹಾಗೆ ಕಾಣುತ್ತದೆ. ರಿಪೋರ್ಟಿನಲ್ಲಿ ‘ಸಿಗ್ನೆಟ್ ರಿಂಗ್’ ಅಂತ ಬರೆಯುವುದು ಇದಕ್ಕೇ. ಇನ್ನೆರಡು ಗುರುತುಗಳಿವೆ. ಹೊರಕ್ಕೆ ಹೋಗುತ್ತಾ ಸಣ್ಣಗಾಗಬೇಕಾದ ಕವಲು ಸಣ್ಣಗಾಗದೇ ಇರುವುದು ಒಂದು. ಶ್ವಾಸಕೋಶದ ಅಂಚಿನಿಂದ 1 ಸೆಂಟಿಮೀಟರ್ ಒಳಗೂ ಶ್ವಾಸನಾಳ ಕಣ್ಣಿಗೆ ಬೀಳುವುದು ಇನ್ನೊಂದು.

ಮೋಸ ಹೋಗುವ ಜಾಗಗಳೂ ಇವೆ. ಹೃದಯದ ಪಕ್ಕ, ಅದರಲ್ಲೂ ಎಡಗಡೆ, ಬಡಿತಕ್ಕೆ ಚಿತ್ರ ಅಲುಗಾಡಿ ಒಂದೇ ರಕ್ತನಾಳ ಎರಡೆರಡು ಗೆರೆಯಾಗಿ ಕಾಣುತ್ತದೆ. ವಯಸ್ಸಾದವರಲ್ಲಿ ಬಳೆ ಚುಕ್ಕೆಗಿಂತ ತುಸು ದೊಡ್ಡದಿದ್ದರೂ ಅದು ರೋಗವಾಗಬೇಕಿಲ್ಲ. ಮಕ್ಕಳಲ್ಲಿ ತದ್ವಿರುದ್ಧ, ಸ್ವಲ್ಪ ಹಿಗ್ಗಿದ್ದರೂ ಗಂಭೀರ. ಕಫ, ಕೆಮ್ಮು, ಪದೇಪದೇ ಸೋಂಕು ಏನೂ ಇಲ್ಲದೆ ಬೇರೆ ಯಾವುದಕ್ಕೋ ಮಾಡಿಸಿದ ಸಿಟಿಯಲ್ಲಿ ‘ಮೈಲ್ಡ್ ಬ್ರಾಂಕಿಯೆಕ್ಟಾಸಿಸ್’ ಅಂತ ಬಂದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಒಮ್ಮೆ ಎದೆರೋಗ ತಜ್ಞರಿಗೆ ತೋರಿಸಿದರೆ ಸಾಕು.

ಹಿಗ್ಗಿರುವುದು ಮೇಲಿನ ಲೋಬಿನಲ್ಲಿ, ಹಿಂದೆ ಟಿಬಿ ಆಗಿತ್ತು

ಶ್ವಾಸಕೋಶದ ದೊಡ್ಡ ವಿಭಾಗಗಳಿಗೆ ಲೋಬ್ ಅನ್ನುತ್ತಾರೆ. ಮೇಲಿನ ಲೋಬ್ ಕುಗ್ಗಿ ಮೇಲಕ್ಕೆ ಎಳೆದುಕೊಂಡಿದೆ, ಸುಣ್ಣಗಟ್ಟಿದ ಬಿಳಿ ಚುಕ್ಕೆಗಳಿವೆ, ಗಂಟಲ ಕೊಳವೆ ಆ ಕಡೆಗೆ ವಾಲಿದೆ. ಇಷ್ಟು ಸೇರಿದರೆ ಹಳೇ ಟಿಬಿಯ ಗುರುತು ಅನ್ನಬಹುದು. ಮೇಲ್ಭಾಗದ ಕಫ ತಾನಾಗಿ ಕೆಳಗೆ ಇಳಿಯುವುದರಿಂದ ಇಂಥವರಲ್ಲಿ ಕೆಲವರಿಗೆ ಕಫವೇ ಇರುವುದಿಲ್ಲ, ಯಾವಾಗಲೋ ಒಮ್ಮೆ ರಕ್ತ ಮಾತ್ರ ಬರುತ್ತದೆ.

ಇಲ್ಲಿ ಕೇಳಬೇಕಾದದ್ದು: ಟಿಬಿ ವಾಸಿಯಾಗಿ ಕಲೆ ಉಳಿದಿದೆಯೋ, ಈಗಲೂ ಇದೆಯೋ? ಚಿಗುರಿದ ಕೊಂಬೆಯ ಹಾಗೆ ಸಣ್ಣ ಸಣ್ಣ ಚುಕ್ಕೆಗಳ ಗೊಂಚಲು ಇದ್ದರೆ ರಿಪೋರ್ಟಿನಲ್ಲಿ ‘ಟ್ರೀ ಇನ್ ಬಡ್’ ಅಂತ ಬರೆದಿರುತ್ತಾರೆ. ಸಣ್ಣ ಶ್ವಾಸನಾಳಗಳಲ್ಲಿ ಈಗಲೂ ಸೋಂಕು ಅಥವಾ ಕಫ ತುಂಬಿದೆ ಅಂತ ಅದರ ಸೂಚನೆ. ಟಿಬಿಯೇ ಆಗಬೇಕಿಲ್ಲ, ಬೇರೆ ಸೋಂಕಿನಲ್ಲೂ ಬರುತ್ತದೆ. ಅಷ್ಟು ನೋಡಿಯೇ ಮತ್ತೆ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಫ ಪರೀಕ್ಷೆ ಆಗಲೇಬೇಕು. ಇನ್ನೊಂದು ಸೂಕ್ಷ್ಮ: ಇತ್ತೀಚೆಗೆ ಟಿಬಿ ಚಿಕಿತ್ಸೆ ಮುಗಿಸಿದವರ ಕಫದಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಇದ್ದರೂ, ಆ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಪಾಸಿಟಿವ್ ಬರಬಹುದು. ಅಂಥವರಿಗೆ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ ಖಚಿತ ಮಾಡಿಕೊಳ್ಳುವುದು ಸರಿ.

ಹಳೇ ಟಿಬಿ ಪೊಳ್ಳಿನೊಳಗೆ ಒಂದು ಉಂಡೆ, ಅದರ ಮೇಲೆ ಅರ್ಧಚಂದ್ರಾಕಾರದ ಗಾಳಿ ಕಂಡರೆ ಅದು ಶಿಲೀಂಧ್ರದ ಉಂಡೆ ಇರಬಹುದು. ಬೋರಲು ಮಲಗಿಸಿ ಮತ್ತೆ ಒಂದೆರಡು ಹೋಳು ತೆಗೆದರೆ ಉಂಡೆ ಉರುಳಿ ಜಾಗ ಬದಲಿಸುತ್ತದೆ. ಇಂಥವರಿಗೆ ರಕ್ತ ಕೆಮ್ಮುವ ಅಪಾಯ ಜಾಸ್ತಿ, ತಜ್ಞರ ಕೈಲಿ ಇರುವುದೇ ಒಳ್ಳೆಯದು.

ಆಸ್ತಮಾ ಹತೋಟಿಗೆ ಬರುತ್ತಿಲ್ಲ, ಕಂದು ಬಣ್ಣದ ಗಟ್ಟಿ ತುಂಡು ಕಫದಲ್ಲಿ ಬರುತ್ತದೆ

ನನ್ನ ಪ್ರಕಾರ ಅತಿ ಹೆಚ್ಚು ತಪ್ಪಿಹೋಗುವುದು ಇದೇ. ಎಬಿಪಿಎ ಅನ್ನುತ್ತಾರೆ. ಆಸ್ಪರ್ಜಿಲಸ್ ಎಂಬ ಬೂಷ್ಟು ಎಲ್ಲೆಡೆ ಇರುತ್ತದೆ: ಹುಲ್ಲಿನ ಬಣವೆ, ಗೊಬ್ಬರದ ಗುಂಡಿ, ಒದ್ದೆ ಗೋಡೆ. ಎಲ್ಲರೂ ಉಸಿರಾಡುತ್ತೇವೆ, ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವು ಆಸ್ತಮಾ ರೋಗಿಗಳ ದೇಹ ಮಾತ್ರ ಅದರ ಮೇಲೆ ವಿಪರೀತವಾಗಿ ತಿರುಗಿಬೀಳುತ್ತದೆ. ಆ ಜಗಳದಲ್ಲಿ ಹಾಳಾಗುವುದು ಶ್ವಾಸನಾಳದ ಗೋಡೆ.

ಸಿಟಿಯಲ್ಲಿ ಇದಕ್ಕೆ ತನ್ನದೇ ಮುಖ ಇದೆ. ಹಿಗ್ಗುವುದು ಅಂಚಿನಲ್ಲಲ್ಲ, ನಡುವಿನ ದೊಡ್ಡ ಕವಲುಗಳಲ್ಲಿ, ಹೆಚ್ಚಾಗಿ ಮೇಲ್ಭಾಗದಲ್ಲಿ. ಒಳಗೆ ಗಟ್ಟಿ ಕಫ ತುಂಬಿ ಕವಲುಗಳು ಬೆರಳು ಬಿಡಿಸಿಟ್ಟಂತೆ ಬಿಳಿಯಾಗಿ ಕಾಣುತ್ತವೆ. ಆ ಕಫ ಬೆನ್ನಿನ ಸ್ನಾಯುವಿಗಿಂತಲೂ ಜಾಸ್ತಿ ಬಿಳಿ ಇದ್ದರೆ, ರಿಪೋರ್ಟಿನಲ್ಲಿ ‘ಹೈ ಅಟೆನ್ಯುಯೇಷನ್ ಮ್ಯೂಕಸ್’ ಅಂತ ಬಂದರೆ, ಎಬಿಪಿಎ ಪರವಾಗಿ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಟಿಯಲ್ಲಿ ಸಿಗುವುದಿಲ್ಲ. ಇದನ್ನು ನೋಡಲು ಪ್ಲೇನ್ ಸಿಟಿಯೇ ಬೇಕು.

ನಮ್ಮ ದೇಶದಲ್ಲಿ ಎಬಿಪಿಎ ಇರುವ ಎಷ್ಟೋ ಜನ ಮೊದಲು ಟಿಬಿ ಮಾತ್ರೆ ನುಂಗಿರುತ್ತಾರೆ. ಎಕ್ಸ್‌ರೇಯಲ್ಲಿ ಮೇಲ್ಭಾಗದ ಕಲೆ ನೋಡಿದರೆ ಎರಡೂ ಒಂದೇ ಥರ, ಅದಕ್ಕೇ ಹೀಗೆ. ಟಿಬಿ ಕೋರ್ಸ್ ಮುಗಿದ ಮೇಲೂ ಉಬ್ಬಸ, ಕಂದು ತುಂಡು ಇದ್ದರೆ ‘ಎಬಿಪಿಎ ಇರಬಹುದಾ ಸರ್?’ ಅಂತ ನೀವೇ ಕೇಳಿಬಿಡಿ, ಸಂಕೋಚ ಬೇಡ.

ಪರೀಕ್ಷೆ ರಕ್ತದ್ದು: ಆಸ್ಪರ್ಜಿಲಸ್ ವಿರುದ್ಧದ ಐಜಿಇ ಮತ್ತು ಒಟ್ಟು ಐಜಿಇ. ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಪ್ರೋಟೀನ್ ಈ ಐಜಿಇ. ಮೊದಲು ಒಟ್ಟು ಐಜಿಇಗೆ 1,000 ಅಂತ ಗೆರೆ ಹಾಕಿದ್ದರು, ಈಗಿನ ಮಾರ್ಗಸೂಚಿಯಲ್ಲಿ 500ಕ್ಕೆ ಇಳಿದಿದೆ. ಒಟ್ಟು ಐಜಿಇ ಜಾಸ್ತಿ ಇದೆ ಅಂದಮಾತ್ರಕ್ಕೆ ಎಬಿಪಿಎ ಅಲ್ಲ. ಹೊಟ್ಟೆಯ ಜಂತುಹುಳು ಇದ್ದರೂ ಏರುತ್ತದೆ. ಈಗಾಗಲೇ ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಇಳಿದಿರಲೂಬಹುದು.

ಸ್ಟೀರಾಯ್ಡ್ ಎಬಿಪಿಎಗೆ ಮದ್ದು, ಅದೇ ಸ್ಟೀರಾಯ್ಡ್ ಬಚ್ಚಿಟ್ಟುಕೊಂಡ ಟಿಬಿಗೆ ಗೊಬ್ಬರ. ಪಕ್ಕದ ಮನೆಯವರಿಗೆ ವಾಸಿಯಾಯಿತು ಅಂತ ಅವರ ಚೀಟಿ ತೋರಿಸಿ ತಗೊಂಡು ನುಂಗುವುದು ಬೇಡವೇ ಬೇಡ.

ಒಂದೇ ಕಡೆ, ಒಂದೇ ಲೋಬಿನಲ್ಲಿ, ಮತ್ತೆ ಮತ್ತೆ ಅಲ್ಲೇ ನ್ಯುಮೋನಿಯಾ

ಉಳಿದ ಶ್ವಾಸಕೋಶವೆಲ್ಲ ಚೆನ್ನಾಗಿದ್ದು ಒಂದು ಜಾಗ ಮಾತ್ರ ಹಾಳಾಗಿದ್ದರೆ ದಾರಿಯಲ್ಲಿ ಏನೋ ಅಡ್ಡ ಕೂತಿದೆ ಅಂತ ಯೋಚಿಸಬೇಕು. ಮಕ್ಕಳಲ್ಲಿ ಕಡಲೆಕಾಯಿ ಬೀಜ, ಹುಣಸೆ ಬೀಜ, ಸೀತಾಫಲದ ಬೀಜ. ದೊಡ್ಡವರಲ್ಲಿ ಅಡಿಕೆ ಚೂರು, ಮೂಳೆ ಚೂರು, ಗಡ್ಡೆ, ಹೊರಗಿನಿಂದ ಒತ್ತುವ ಗಂಟು. ಬೀಜ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ‘ಯಾವತ್ತಾದರೂ ತಿನ್ನುವಾಗ ಉಸಿರುಗಟ್ಟಿ ಕೆಮ್ಮಿದ್ದುಂಟಾ?’ ಎಂಬ ಒಂದು ಪ್ರಶ್ನೆಯೇ ಇಲ್ಲಿ ದೊಡ್ಡ ಪರೀಕ್ಷೆ. ಮನೆಯವರು ಎಷ್ಟೋ ಸಲ ಮರೆತೇಬಿಟ್ಟಿರುತ್ತಾರೆ.

ಉಸಿರು ಬಿಟ್ಟಾಗಲೂ ಒಂದು ಹೋಳು ತೆಗೆದರೆ, ಅಡ್ಡ ಇರುವ ಕಡೆ ಗಾಳಿ ಹೊರಬರದೆ ಕಪ್ಪಗೇ ಉಳಿಯುತ್ತದೆ. ಸಿಟಿಯಲ್ಲಿ ಏನೂ ಕಾಣದಿದ್ದರೂ ಅನುಮಾನ ಉಳಿದರೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಕಣ್ಣಾರೆ ನೋಡುವುದೇ ಸರಿ. ಮಗುವಿಗೆ ಈಗಷ್ಟೇ ಉಸಿರುಗಟ್ಟಿ, ಉಬ್ಬಸ ಶುರುವಾಗಿದ್ದರೆ ಸಿಟಿಗೆಂದು ಅಲೆಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ಕೆಳಗಿನ ಲೋಬುಗಳು, ಎರಡೂ ಕಡೆ

ಇದು ಕಷ್ಟದ ಗುಂಪು. ಚಿಕ್ಕಂದಿನ ದಡಾರ, ನಾಯಿಕೆಮ್ಮು, ಕೆಟ್ಟ ನ್ಯುಮೋನಿಯಾ ಬಿಟ್ಟುಹೋದ ಗಾಯ ಇರಬಹುದು. ಊಟ ಶ್ವಾಸನಾಳಕ್ಕೆ ಜಾರುವುದಿರಬಹುದು: ಪಾರ್ಶ್ವವಾಯು ಆದವರು, ಎದೆಯುರಿ ಜಾಸ್ತಿ ಇರುವವರು, ಕುಡಿದು ಮಲಗುವವರು.

ಹುಟ್ಟಿದಾಗಿನಿಂದ ಮೂಗು ಸೋರುವುದು, ಕಿವಿ ಸೋರುವುದು, ಸೈನಸ್ ತೊಂದರೆ, ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದಿರುವುದು, ಇವೆಲ್ಲ ಒಬ್ಬರಲ್ಲೇ ಸೇರಿದ್ದರೆ ಸಿಟಿಯಲ್ಲಿ ಹೃದಯ ಯಾವ ಕಡೆ ಇದೆ ಅಂತ ನೋಡಿ. ಶ್ವಾಸನಾಳದ ಸೂಕ್ಷ್ಮ ರೋಮಗಳು ಹುಟ್ಟಿನಿಂದಲೇ ಕೆಲಸ ಮಾಡದವರಲ್ಲಿ ಸುಮಾರು ಅರ್ಧ ಜನರಿಗೆ ಹೃದಯ ಬಲಗಡೆ, ಲಿವರ್ ಎಡಗಡೆ ಇರುತ್ತದೆ. ಬ್ರಾಂಕಿಯೆಕ್ಟಾಸಿಸ್, ಸೈನಸ್ ತೊಂದರೆ, ಹೀಗೆ ಅದಲುಬದಲಾದ ಅಂಗಗಳು, ಈ ಮೂರೂ ಸೇರಿದರೆ ಕಾರ್ಟಜೆನರ್ ಎಂಬ ಹೆಸರು. ಸೋದರ ಸಂಬಂಧದ ಮದುವೆ ಇರುವ ಮನೆಗಳಲ್ಲಿ ಇದನ್ನು ಮರೆಯಬಾರದು. ಮಗುವಿನ ಬೆವರು ತೀರಾ ಉಪ್ಪು, ತೂಕ ಏರುತ್ತಿಲ್ಲ, ಮಲ ಜಿಡ್ಡು ಜಿಡ್ಡು, ಸಿಟಿಯಲ್ಲಿ ಮೇಲ್ಭಾಗವೇ ಜಾಸ್ತಿ ಕೆಟ್ಟಿದೆ ಅಂದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇದೆಯಾ ಅಂತ ನೋಡಲು ಬೆವರಿನ ಪರೀಕ್ಷೆ.

ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಪ್ರಮಾಣ ನೋಡುವುದನ್ನು ಬಿಡಬೇಡಿ. ರೋಗನಿರೋಧಕ ಪ್ರೋಟೀನ್ ಕಡಿಮೆ ಇದ್ದರೆ ಅದನ್ನು ಹೊರಗಿನಿಂದ ಕೊಡಲು ಸಾಧ್ಯ. ಕೀಲುನೋವಿನ ರುಮಟಾಯ್ಡ್ ಕಾಯಿಲೆಯವರಿಗೂ ಬ್ರಾಂಕಿಯೆಕ್ಟಾಸಿಸ್ ಬರುತ್ತದೆ, ಹಾಗಾಗಿ ಬೆರಳು ಬಿಗಿಯುತ್ತಿದ್ದರೆ ಅದನ್ನೂ ಹೇಳಿ.

ಬಲ ಮಧ್ಯದ ಲೋಬ್ ಮತ್ತು ಎಡಗಡೆಯ ಲಿಂಗುಲಾ

ಲಿಂಗುಲಾ ಅಂದರೆ ಎಡ ಮೇಲಿನ ಲೋಬಿನ ಕೆಳತುದಿ. ತೆಳ್ಳನೆಯ ಮೈಕಟ್ಟಿನ, ವಯಸ್ಸಾದ ಹೆಂಗಸರಲ್ಲಿ ಈ ಎರಡು ಜಾಗ ಹಿಗ್ಗಿ, ಜೊತೆಗೆ ಸಣ್ಣ ಗಂಟುಗಳಿದ್ದರೆ ಎನ್‌ಟಿಎಂ ಅನುಮಾನ. ಟಿಬಿಯ ದಾಯಾದಿ ರೋಗಾಣು ಇದು, ನೀರು, ಮಣ್ಣಿನಲ್ಲಿ ಇರುತ್ತದೆ. ಕಫದ ಸ್ಲೈಡಿನಲ್ಲಿ ಟಿಬಿ ಥರವೇ ಕಾಣುತ್ತದೆ. ಸ್ಲೈಡ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್ ಅಂತ ಬಂದರೆ ಕಲ್ಚರ್ ಕೇಳಿ. ಬ್ರಾಂಕಿಯೆಕ್ಟಾಸಿಸ್‌ಗೆ ತಿಂಗಳುಗಟ್ಟಲೆ ಅಜಿತ್ರೊಮೈಸಿನ್ ಕೊಡುವ ಪದ್ಧತಿ ಇದೆ. ಎನ್‌ಟಿಎಂ ಇಲ್ಲ ಅಂತ ಖಚಿತವಾಗದೆ ಅದೊಂದನ್ನೇ ಕೊಟ್ಟರೆ ಆ ರೋಗಾಣು ಔಷಧಿಗೆ ಬಗ್ಗದಂತೆ ಬಲಿಯುತ್ತದೆ.

ಒಣ ಕೆಮ್ಮು, ನಡೆದರೆ ಏದುಸಿರು, ಕಫವೇ ಇಲ್ಲ

ರಿಪೋರ್ಟಿನಲ್ಲಿ ‘ಟ್ರಾಕ್ಷನ್ ಬ್ರಾಂಕಿಯೆಕ್ಟಾಸಿಸ್’ ಅಂತಿದ್ದರೆ ಇದುವರೆಗೆ ಹೇಳಿದ್ದು ಹೆಚ್ಚಿನದು ನಿಮಗಲ್ಲ. ಸುತ್ತಲಿನ ಶ್ವಾಸಕೋಶ ನಾರುಗಟ್ಟಿ, ನಾಳವನ್ನು ಹೊರಕ್ಕೆ ಜಗ್ಗಿ ಹಿಗ್ಗಿಸಿದೆ. ರೋಗ ಇರುವುದು ನಾಳದಲ್ಲಿ ಅಲ್ಲ. ಮಂಡ್ಯದಂಥ ಕಬ್ಬಿನ ಸೀಮೆಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಸಕ್ಕರೆ ಕಾರ್ಖಾನೆ, ಆಲೆಮನೆ, ಸಿಪ್ಪೆ ರಾಶಿಯ ಹತ್ತಿರ ಕೆಲಸ ಇತ್ತೇ? ಒದ್ದೆಯಾಗಿ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ಬ್ಯಾಗಸೋಸಿಸ್ ಎಂಬ ಕಾಯಿಲೆ ವರ್ಷಗಟ್ಟಲೆ ಉಳಿದರೆ ಹೀಗೆ ನಾರುಗಟ್ಟುತ್ತದೆ. ಪಾರಿವಾಳದ ಹಿಕ್ಕೆಯಿಂದಲೂ ಆಗುತ್ತದೆ. ಕೆಲಸಕ್ಕೆ ಹೋದ ದಿನ ಸಂಜೆ ಜ್ವರ, ಕೆಮ್ಮು, ರಜೆಯಲ್ಲಿ ಆರಾಮ ಅನ್ನಿಸಿದರೆ ಸುಳಿವು ಅಲ್ಲೇ ಇದೆ. ದೂಳಿನಿಂದ ದೂರ ಇರುವುದು ಮೊದಲ ಚಿಕಿತ್ಸೆ.

ಕಫದಲ್ಲಿ ರಕ್ತದ ಎಳೆ

ಸೋಂಕು ಜೋರಾದಾಗ ಒಂದೆರಡು ಎಳೆ ಬರುವುದು ಸಾಮಾನ್ಯ. ಆದರೂ ಮೊದಲ ಸಲ ಬಂದಾಗ ಅದೇ ವಾರ ತೋರಿಸಿ, ಟಿಬಿ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಪ್ರಮಾಣ ಏರಿದರೆ ಕಾಂಟ್ರಾಸ್ಟ್ ಸಿಟಿ ಆಂಜಿಯೊ ಬೇಕು. ರಕ್ತ ಸೋರುವುದು ಬಹುತೇಕ ಶ್ವಾಸನಾಳಕ್ಕೆ ಹೋಗುವ ಊದಿದ ರಕ್ತನಾಳದಿಂದ. ಸಿಟಿ ಅದನ್ನು ತೋರಿಸಿದರೆ ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ಅದನ್ನು ಮುಚ್ಚುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಅದನ್ನು ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲ ಮಾಡಿಸಿದರೂ ಕಾರಣ ಸಿಗಲಿಲ್ಲ

ಹೀಗೂ ಆಗುತ್ತದೆ, ಅಪರೂಪವೇನಲ್ಲ. ಕಾರಣ ಸಿಗದಿದ್ದರೂ ದಿನಾ ಕಫ ತೆಗೆಯುವ ವ್ಯಾಯಾಮ, ಲಸಿಕೆ, ಸೋಂಕು ಬಂದಾಗ ಕಲ್ಚರ್ ನೋಡಿ ಆಂಟಿಬಯಾಟಿಕ್, ಇವು ಹಾಗೇ ನಡೆಯಬೇಕು. ಕಾರಣ ಹುಡುಕುತ್ತೇವೆ ಅಂತ ವರ್ಷಕ್ಕೊಂದು ಸಿಟಿ ಬೇಡ. ಹೊಸದಾಗಿ ರಕ್ತ, ತೂಕ ಇಳಿಯುವುದು, ಔಷಧಿಗೆ ಬಗ್ಗದ ಸೋಂಕು ಇದ್ದರೆ ಮಾತ್ರ ಮತ್ತೆ ಯೋಚಿಸಿ. ಹಾಗೆ ಮಾಡಿಸುವಾಗ ಹಳೇ ಸ್ಕ್ಯಾನಿನ ಸಿಡಿಯನ್ನೂ ಕೊಡಿ, ಬರೀ ರಿಪೋರ್ಟ್ ಹಾಳೆ ಸಾಲದು. ಹಾಳೆಯಲ್ಲಿ ಇನ್ನೊಬ್ಬರ ಅಭಿಪ್ರಾಯ ಇರುತ್ತದೆ. ಹಿಗ್ಗುವಿಕೆ ಆಗ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಅಳೆಯಲು ಚಿತ್ರಗಳೇ ಬೇಕು.